ಸಂದರ್ಶನದ ಪ್ರಶ್ನೆಗಳನ್ನು ಮೂರು ದಿನ ಮೊದಲೇ ಕೊಟ್ಟುಬಿಡಬಹುದೇ?

ತುಂಗಾತೀರ

ನಮ್ಮದು ಒಂದು ಸಣ್ಣ ಪತ್ತಿನ ಸಹಕಾರಿ. 4 ಶಾಖೆ, 31 ಜನ ಸಿಬ್ಬಂದಿ. ಸಾಲ ವಿಭಾಗಕ್ಕೆ ಇಬ್ಬರು ಸಹಾಯಕರು ಬೇಕೆಂದು ಹೋದ ತಿಂಗಳು 11 ಜನರನ್ನು ಸಂದರ್ಶನಕ್ಕೆ ಕರೆದೆವು. ಒಬ್ಬನನ್ನು ಆರಿಸಿದೆವು, ಇನ್ನೊಂದು ಹುದ್ದೆ ಖಾಲಿಯೇ ಉಳಿಯಿತು. ಅದಕ್ಕಾಗಿ ಮತ್ತೆ ಕರೆಯಬೇಕಾಗಿದೆ.

ಬಂದವರಲ್ಲಿ ಹರಪನಹಳ್ಳಿ ಕಡೆಯ ಒಬ್ಬ ಹುಡುಗಿ ಇದ್ದಳು. ಬಿ.ಕಾಂ. ಮುಗಿಸಿದ್ದಾಳೆ, ತಂದೆ ಪಿಗ್ಮಿ, ಎಂದರೆ ದಿನದಿನದ ಉಳಿತಾಯದ ಹಣ, ಸಂಗ್ರಹಿಸುವವರು. ಲಿಖಿತ ಪರೀಕ್ಷೆಯಲ್ಲಿ 40ಕ್ಕೆ 37 ಅಂಕ, ಎಲ್ಲರಿಗಿಂತ ಹೆಚ್ಚು. ಒಳಗೆ ಬಂದು ಕುಳಿತ ಕೂಡಲೇ ನಮ್ಮ ನಿರ್ದೇಶಕರೊಬ್ಬರು ಇಂಗ್ಲಿಷಿನಲ್ಲಿ ನಿಮ್ಮ ಬಗ್ಗೆ ಹೇಳಿ ಎಂದರು. ಹುಡುಗಿಯ ಗಂಟಲೇ ಕಟ್ಟಿತು. ಆಮೇಲೆ ಕನ್ನಡದಲ್ಲಿ ಕೇಳಿದ ಪ್ರಶ್ನೆಗೂ "ಗೊತ್ತಿಲ್ಲ ಸರ್" ಎಂಬುದೇ ಉತ್ತರ. ಪ್ರಶ್ನೆ ಇಷ್ಟೇ: ಮೂರು ಕಂತು ಕಟ್ಟದ ಒಬ್ಬರ ಮನೆಗೆ ಹೋಗಿದ್ದೀರಿ, ಮೊದಲು ಏನು ಕೇಳುತ್ತೀರಿ? 7 ನಿಮಿಷದಲ್ಲಿ ಎಲ್ಲ ಮುಗಿಯಿತು.

ಸಂಜೆ ನಮ್ಮ ಅಟೆಂಡರ್ ನನ್ನ ಬಳಿ ಬಂದು ಹೇಳಿದರು: "ಆ ಹುಡುಗಿ ಬಾಗಿಲ ಬಳಿ ಅಳುತ್ತ ನಿಂತಿತ್ತು ಸರ್. ನೀರು ಕೊಟ್ಟೆ. ಆಮೇಲೆ ಉತ್ತರವನ್ನೆಲ್ಲ ನನಗೆ ಹೇಳಿತು. ಕಂತಿನ ವಿಷಯ ಮೊದಲು ಎತ್ತಬಾರದಂತೆ, ವ್ಯಾಪಾರ ನಡೆಯುತ್ತಿದೆಯೇ ಎಂದು ಕೇಳಬೇಕಂತೆ. ಜಾಮೀನುದಾರರ ಹೆಸರನ್ನು ನೆರೆಹೊರೆಯವರ ಮುಂದೆ ಹೇಳಲೇಬಾರದಂತೆ."

ಇದು 20 ವರ್ಷ ವಸೂಲಿ ಮಾಡಿದವರು ಹೇಳುವ ಮಾತು. ಆ ಹುಡುಗಿಗೆ ಗೊತ್ತಿತ್ತು. ನಮ್ಮ ಕೋಣೆಯಲ್ಲಿ ಅದು ಹೊರಬರಲಿಲ್ಲ, ಅಷ್ಟೇ. ಅಂದಿನಿಂದ ನನಗೆ ಸಮಾಧಾನವಿಲ್ಲ. ಮುಂದಿನ ಸುತ್ತಿಗೆ ಪ್ರಶ್ನೆಗಳನ್ನು ಎಲ್ಲರಿಗೂ ಮೂರು ದಿನ ಮೊದಲೇ ಕಳುಹಿಸೋಣ ಎಂದು ಆಡಳಿತ ಮಂಡಳಿಯ ಮುಂದೆ ಹೇಳಿದೆ. "ಪ್ರಶ್ನೆ ಗೊತ್ತಾದ ಮೇಲೆ ಅದೆಂಥ ಸಂದರ್ಶನ?" ಎಂದು ಕೇಳಿದರು. ತಕ್ಷಣ ಉತ್ತರ ಕೊಡಲು ನನಗೂ ಆಗಲಿಲ್ಲ. ಅನುಭವವಿದ್ದವರು ಹೇಳಿ.

ನಿವೃತ್ತ ಉಪನ್ಯಾಸಕ

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ಬೇಡ ಎನ್ನುತ್ತೇನೆ. ನಾನು 33 ವರ್ಷ ರಸಾಯನಶಾಸ್ತ್ರ ಕಲಿಸಿದವನು. 2016ರಲ್ಲಿ ದ್ವಿತೀಯ ಪಿಯುಸಿಯ ನನ್ನ ವಿಷಯದ ಪತ್ರಿಕೆಯೇ ಸೋರಿತು. ಮರುಪರೀಕ್ಷೆ ಇಟ್ಟರು, ಆ ಪತ್ರಿಕೆಯೂ ಸೋರಿತು. ಎರಡನೆಯ ಸಲ ಪರೀಕ್ಷೆ ಮುಂದಕ್ಕೆ ಹೋದ ದಿನ ಬೆಳಿಗ್ಗೆ ಕಾಲೇಜಿನ ಬಾಗಿಲಿಗೆ ಬಂದ ಮಕ್ಕಳ ಮುಖ ಇಂದಿಗೂ ಕಣ್ಣ ಮುಂದಿದೆ. ಹಗಲುರಾತ್ರಿ ಓದಿದ ಮಗುವೂ ಓದದೆ ಪತ್ರಿಕೆ ಕೊಂಡವನೂ ಒಂದೇ ಸಾಲಿನಲ್ಲಿ ನಿಲ್ಲುವಂತಾಯಿತು. ಪ್ರಶ್ನೆ ಗುಟ್ಟಾಗಿರಬೇಕು ಎನ್ನುವುದು ನನಗೆ ಬರಿಯ ನಿಯಮವಲ್ಲ, ನಂಬಿಕೆ.

ಧೈರ್ಯವೂ ಒಂದು ಅರ್ಹತೆಯೇ. ನಿಮ್ಮ ಕೋಣೆಯಲ್ಲಿ ಐವರ ಮುಂದೆ ಬಾಯಿ ಬಿಡಲಾಗದವರು ಸುಸ್ತಿದಾರರ ಮನೆಯಂಗಳದಲ್ಲಿ ಹೇಗೆ ಮಾತನಾಡುತ್ತಾರೆ?

ಎರಡನೇ ಪಾಳಿ

ಉಪನ್ಯಾಸಕರೇ, ಧೈರ್ಯದ ವಿಷಯದಲ್ಲಿ ನನ್ನದೊಂದು ಮಾತು. ನಾನು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾ ಮೇಲ್ವಿಚಾರಕಿ. ಸಂದರ್ಶನದಲ್ಲಿ ಕೈ ನಡುಗಿದ ಹುಡುಗಿಯರು ರಾತ್ರಿ ಪಾಳಿಯಲ್ಲಿ ರೋಗಿಯ ಉಸಿರು ನಿಂತಾಗ ಒಂದು ಕ್ಷಣವೂ ತಡಮಾಡದೆ ಎದೆ ಒತ್ತಿದ್ದನ್ನು ಕಂಡಿದ್ದೇನೆ. ಸಂದರ್ಶನದಲ್ಲಿ ಅರಳು ಹುರಿದಂತೆ ಮಾತನಾಡಿದವರು ಅದೇ ಹೊತ್ತಿನಲ್ಲಿ ಗೋಡೆಗೆ ಒರಗಿ ನಿಂತದ್ದನ್ನೂ ಕಂಡಿದ್ದೇನೆ. ಕೆಲಸ ಕೊಡುವವರ ಎದುರಿನ ಭಯ ಒಂದು ಬಗೆಯದು, ಕೆಲಸದ ನಡುವೆ ಬರುವ ಭಯ ಇನ್ನೊಂದು ಬಗೆಯದು. ಒಂದನ್ನು ನೋಡಿ ಇನ್ನೊಂದನ್ನು ಅಳೆಯಲಾಗದು.

ಹಾಗೆಂದು ಎಲ್ಲ ಪ್ರಶ್ನೆಗಳನ್ನೂ ಮೊದಲೇ ಕೊಡಿ ಎನ್ನುವುದಿಲ್ಲ. ಮಗುವಿನ ತೂಕಕ್ಕೆ ತಕ್ಕಂತೆ ಔಷಧಿಯ ಪ್ರಮಾಣ ಲೆಕ್ಕ ಹಾಕುವುದನ್ನು ನಾನು ಎದುರಿಗೇ ಕೊಡುತ್ತೇನೆ, ಮೊದಲೇ ಹೇಳುವುದಿಲ್ಲ. ಅದು ಆ ಕ್ಷಣದಲ್ಲಿ ಬರಲೇಬೇಕಾದ ಕೆಲಸ. ಆದರೆ "ನಿಮ್ಮಿಂದ ಒಂದು ತಪ್ಪಾದಾಗ ಅದನ್ನು ಯಾರಿಗೆ, ಹೇಗೆ ತಿಳಿಸಿದಿರಿ?" ಎಂಬ ಪ್ರಶ್ನೆ ಇದೆಯಲ್ಲ, ಅದನ್ನು ಥಟ್ಟನೆ ಕೇಳಿದರೆ ನಿಜವಾದ ಉತ್ತರ ಸಿಗುವುದು ಅಪರೂಪ. ಮನುಷ್ಯರಿಗೆ ತಮ್ಮ ಬದುಕಿನ ಘಟನೆಗಳು ನಾಲಿಗೆಯ ತುದಿಯಲ್ಲಿ ಇರುವುದಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಕಟ್ಟಿ ಹೇಳುತ್ತಾರೆ. ಎರಡು ದಿನ ಸಮಯ ಕೊಟ್ಟು ನೋಡಿ, ನಿಜವಾಗಿ ನಡೆದದ್ದೇ ನೆನಪಾಗುತ್ತದೆ.

ಲೆಕ್ಕಪುಸ್ತಕ

ತುಂಗಾತೀರ ಅವರೇ, ಒಂದು ಸಂಗತಿ ಪರಿಶೀಲಿಸಿ. ಈ ಸಲ ನೀವು ಕೇಳಿದ ಪ್ರಶ್ನೆಗಳು ಹಿಂದಿನ ಸಲದವೇ? ಆಯ್ಕೆಯಾದ ಆ ಒಬ್ಬರಿಗೆ ನಿಮ್ಮ ಸಂಸ್ಥೆಯಲ್ಲಿ ಪರಿಚಯದವರು ಯಾರಾದರೂ ಇದ್ದಾರೆಯೇ?

ಅವರ ಮೇಲೆ ಅನುಮಾನದಿಂದ ಕೇಳುತ್ತಿಲ್ಲ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿ 12 ವರ್ಷದಿಂದ ಇದ್ದೇನೆ. ಇಲ್ಲಿ ಯಾವ ಕಂಪನಿ ಯಾವ ಸುತ್ತಿನಲ್ಲಿ ಏನು ಕೇಳುತ್ತದೆ ಎಂಬುದು ದೊಡ್ಡ ಕಾಲೇಜುಗಳ ಹಿರಿಯ ವಿದ್ಯಾರ್ಥಿಗಳಿಗೆ ಬಾಯಿಪಾಠ. ಕ್ಯಾಂಪಸ್ ಸಂದರ್ಶನ ಮುಗಿಸಿ ಹೊರಬಂದವರು ಮೆಟ್ಟಿಲು ಇಳಿಯುವ ಮೊದಲೇ ಗೆಳೆಯರ ವಾಟ್ಸಾಪ್ ಗುಂಪಿಗೆ ಪ್ರಶ್ನೆಗಳನ್ನು ಹಾಕುತ್ತಾರೆ. ನಾನು ಓದಿದ್ದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ. ನಮಗೆ ಅಂಥ ಗುಂಪು ಇರಲಿಲ್ಲ. ಮೊದಲ ನಾಲ್ಕು ಸಂದರ್ಶನಗಳಲ್ಲಿ ಸೋತದ್ದು ವಿಷಯ ಬಾರದೆ ಅಲ್ಲ, ಅಲ್ಲಿ ಇಂಥದ್ದನ್ನು ಕೇಳುತ್ತಾರೆಂಬ ಕಲ್ಪನೆಯೇ ಇರಲಿಲ್ಲ.

ತುಂಗಾತೀರ

ಎರಡು ದಿನ ತಡವಾಗಿ ಬರೆಯುತ್ತಿದ್ದೇನೆ. ಲೆಕ್ಕಪುಸ್ತಕ ಅವರು ಕೇಳಿದ ಮೇಲೆ ಹಳೆಯ ಕಡತ ತೆಗೆಸಿ ನೋಡಿದೆ. 8 ಪ್ರಶ್ನೆಗಳಲ್ಲಿ 6 ಪ್ರಶ್ನೆಗಳು 2019ರಿಂದಲೂ ಅವೇ. ಆಯ್ಕೆಯಾದ ಹುಡುಗನ ಸೋದರಮಾವ ನಮ್ಮದೇ ಇನ್ನೊಂದು ಶಾಖೆಯಲ್ಲಿದ್ದಾರೆ. ಕರೆದು ಕೇಳಿದೆ. ಮುಚ್ಚಿಡದೆ ಹೇಳಿದರು: "ನನ್ನನ್ನು ಕೇಳಿದ್ದನ್ನೇ ಅವನಿಗೂ ಕೇಳುತ್ತಾರೆ ಎಂದು ಹೇಳಿಕೊಟ್ಟೆ ಸರ್. ತಪ್ಪೇ?"

ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಅಕ್ಕನ ಮಗನಿಗೆ ಯಾರಾದರೂ ಹೇಳಿಕೊಡುವ ಮಾತದು. ಹುಡುಗ ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತಿದ್ದಾನೆ. ಆದರೆ ಪ್ರಶ್ನೆಗಳನ್ನು ಮೊದಲೇ ಕೊಡಬೇಕೇ ಎಂದು ನಾನು ಕೇಳುತ್ತಿದ್ದೆನಲ್ಲ, ನಾವು ಐದು ವರ್ಷಕ್ಕೂ ಮೇಲ್ಪಟ್ಟು ಕೊಡುತ್ತಲೇ ಬಂದಿದ್ದೇವೆ, ಒಳಗೆ ಪರಿಚಯವಿದ್ದವರಿಗೆ ಮಾತ್ರ.

ಲೆಕ್ಕಪುಸ್ತಕ

ಉಪನ್ಯಾಸಕರ ನೋವಿಗೂ ಇದರಲ್ಲೇ ಉತ್ತರವಿದೆ ಎಂದುಕೊಳ್ಳುತ್ತೇನೆ. 2016ರಲ್ಲಿ ಆದ ಅನ್ಯಾಯ ಪತ್ರಿಕೆ ತಿಳಿದುಹೋಯಿತು ಎಂಬುದಷ್ಟೇ ಅಲ್ಲ, ಕೆಲವರಿಗೆ ಮಾತ್ರ ತಿಳಿಯಿತು ಎಂಬುದು. ಎಲ್ಲರಿಗೂ ಒಂದೇ ಹೊತ್ತಿಗೆ, ಒಂದೇ ಹಾಳೆಯಲ್ಲಿ ಕೊಟ್ಟರೆ ಅದನ್ನು ಸೋರಿಕೆ ಎನ್ನಲಾಗದು.

ನಿವೃತ್ತ ಉಪನ್ಯಾಸಕ

ಈ ಮಾತನ್ನು ಯೋಚಿಸುತ್ತೇನೆ. ಪರೀಕ್ಷೆಗೆ ಅದು ಹೊಂದದು, ಅಲ್ಲಿ ಉತ್ತರಕ್ಕೆ ಒಂದೇ ದಾರಿ. ಸಂದರ್ಶನಕ್ಕೆ ಹೊಂದಬಹುದೇನೋ. ಸೋದರಮಾವನ ಸಂಗತಿ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಕಾಲೇಜಿನ ನೇಮಕಾತಿಗಳಲ್ಲೂ ಅದೇ ನಡೆದಿರಬೇಕು.

ದೂರದೂರಿನವಳು

ನಾನು ಬ್ರಿಟನ್ನಿನಲ್ಲಿ ಸ್ಥಳೀಯ ಆಡಳಿತದ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ, ಊರು ಸಾಗರದ ಹತ್ತಿರ. ಇಲ್ಲಿ ಪ್ರಶ್ನೆಗಳನ್ನು ಮೊದಲೇ ಕೊಡುವುದು ಹೊಸತೇನೂ ಅಲ್ಲ. ಕೆಲವೆಡೆ ಮೂರು ದಿನ ಮೊದಲು ಇಮೇಲ್ ಬರುತ್ತದೆ, ಕೆಲವೆಡೆ ಅರ್ಧ ಗಂಟೆ ಮೊದಲು ಹಾಳೆ ಕೈಗೆ ಕೊಟ್ಟು ಪಕ್ಕದ ಕೋಣೆಯಲ್ಲಿ ಕೂರಿಸುತ್ತಾರೆ. 2024ರಲ್ಲಿ ಜಾನ್ ಲೂಯಿಸ್ ಎಂಬ ದೊಡ್ಡ ಅಂಗಡಿ ಸಂಸ್ಥೆ ತನ್ನ ಸಂದರ್ಶನದ ಪ್ರಶ್ನೆಗಳನ್ನು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲೇ ಹಾಕಿತು. ಆಗ ಇಲ್ಲಿಯೂ ದೊಡ್ಡ ಚರ್ಚೆಯಾಯಿತು. ನಿಮ್ಮ ಆಡಳಿತ ಮಂಡಳಿ ಕೇಳಿದ ಪ್ರಶ್ನೆಯನ್ನೇ ಇಲ್ಲಿನವರೂ ಕೇಳಿದರು.

ನನ್ನ ಈಗಿನ ಕೆಲಸಕ್ಕೆ 6 ಪ್ರಶ್ನೆ ಮೊದಲೇ ಬಂದವು. ಎರಡು ರಾತ್ರಿ ಕುಳಿತು ನೆನಪು ಮಾಡಿಕೊಂಡೆ, ಟಿಪ್ಪಣಿ ಬರೆದುಕೊಂಡು ಹೋದೆ. ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಮುಂದೆ ಕುಳಿತ ಮೂವರೂ ಪ್ರತಿ ಉತ್ತರದ ಮೇಲೆ ಎರಡೆರಡು ಮರುಪ್ರಶ್ನೆ ಕೇಳಿದರು. "ನೀವು ಎಂದರೆ ನೀವೇ ಮಾಡಿದಿರಾ, ನಿಮ್ಮ ತಂಡವೇ? ಆಗ ಒಪ್ಪದವರು ಯಾರು? ಅವರಿಗೆ ಏನು ಹೇಳಿದಿರಿ?" ತಯಾರಿಗೆ ಸಮಯ ಕೊಟ್ಟಿದ್ದರಿಂದಲೇ ಅವರಿಗೆ ಅಷ್ಟು ಆಳಕ್ಕೆ ಇಳಿಯಲು ಸಾಧ್ಯವಾಯಿತು. ಹೊರಬಂದಾಗ ದಣಿದಿದ್ದೆ, ಆದರೆ ನನ್ನ ಕೆಲಸದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ ತೃಪ್ತಿ ಇತ್ತು. ಇಂಗ್ಲಿಷ್ ನನ್ನ ಮನೆಮಾತಲ್ಲ. ಆ ಎರಡು ರಾತ್ರಿಗಳು ಸಿಗದಿದ್ದರೆ ಈ ಕೆಲಸ ಸಿಗುತ್ತಿರಲಿಲ್ಲ.

ಬಯಲುಸೀಮೆ

ಎಲ್ಲವೂ ಸರಿ, ಚಾಟ್‌ಜಿಪಿಟಿ ಇರುವ ಕಾಲದಲ್ಲಿ ಇದು ನಡೆಯುತ್ತದೆಯೇ? ಪ್ರಶ್ನೆ ಕಳುಹಿಸಿದ ಐದು ನಿಮಿಷಕ್ಕೆ ಉತ್ತರ ಸಿದ್ಧವಾಗುತ್ತದೆ. ಒಂಬತ್ತು ಜನ ಬಂದು ಒಂದೇ ಉತ್ತರ ಒಪ್ಪಿಸಿದರೆ ಯಾರನ್ನು ಆರಿಸುತ್ತೀರಿ?

ಲೆಕ್ಕಪುಸ್ತಕ

ಅದು ನೀವು ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ. "ಒಳ್ಳೆಯ ಸಿಬ್ಬಂದಿಯ ಗುಣಗಳೇನು?" ಎಂದು ಕೇಳಿದರೆ ಒಂಬತ್ತೂ ಜನರದು ಒಂದೇ ಉತ್ತರವಾಗುವುದು ಖಂಡಿತ. ಯಂತ್ರ ಇಲ್ಲದ ಕಾಲದಲ್ಲೂ ಆ ಪ್ರಶ್ನೆಗೆ ಎಲ್ಲರೂ ಅದನ್ನೇ ಹೇಳುತ್ತಿದ್ದರು. "ಹಣದ ಲೆಕ್ಕ ತಾಳೆಯಾಗದ ಒಂದು ದಿನದ ಬಗ್ಗೆ ಹೇಳಿ" ಎಂದು ಕೇಳಿ. ಆಮೇಲೆ ಎಷ್ಟು ಕೊರತೆ ಬಂತು, ಎಷ್ಟು ಗಂಟೆಗೆ ಗೊತ್ತಾಯಿತು, ಮೊದಲು ಯಾರಿಗೆ ಹೇಳಿದಿರಿ, ಅವರು ಏನೆಂದರು ಎಂದು ಕೇಳುತ್ತ ಹೋಗಿ. ಅನುಭವಿಸಿದವರಿಗೆ ಉತ್ತರ ತಡವರಿಸುತ್ತಲಾದರೂ ಬರುತ್ತದೆ. ಕಟ್ಟಿಕೊಂಡು ಬಂದವರು ಮೂರನೆಯ ಮರುಪ್ರಶ್ನೆಗೆ ಸಾಮಾನ್ಯ ಮಾತಿಗೆ ಜಾರುತ್ತಾರೆ.

ಆನ್‌ಲೈನ್ ಸಂದರ್ಶನದಲ್ಲಿ ಪ್ರಶ್ನೆ ಮೊದಲೇ ಕೊಡದಿದ್ದರೂ ಇನ್ನೊಂದು ಪರದೆಯಲ್ಲಿ ಉತ್ತರ ಹುಡುಕುತ್ತ ಮಾತನಾಡುವವರನ್ನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ. ಗುಟ್ಟಾಗಿಟ್ಟು ನಾವು ಏನನ್ನೂ ಕಾಪಾಡಿಕೊಂಡಿಲ್ಲ.

ಎರಡು ಸಲ ದೆಹಲಿ

ಯುಪಿಎಸ್‌ಸಿ ವ್ಯಕ್ತಿತ್ವ ಪರೀಕ್ಷೆಗೆ, ಎಂದರೆ ಅಲ್ಲಿನ ಸಂದರ್ಶನಕ್ಕೆ, ಎರಡು ಬಾರಿ ಹೋದವನು ನಾನು. ಮುಖ್ಯ ಪರೀಕ್ಷೆಯ 1750, ವ್ಯಕ್ತಿತ್ವ ಪರೀಕ್ಷೆಯ 275, ಒಟ್ಟು 2025 ಅಂಕ. ಅಲ್ಲಿ ಪ್ರಶ್ನೆ ಕೊಡುವುದಿಲ್ಲ ನಿಜ. ಆದರೆ ನಾವೇ ತುಂಬಿಕೊಟ್ಟ ವಿವರವಾದ ಅರ್ಜಿ ಅವರ ಮುಂದಿರುತ್ತದೆ. ಜಿಲ್ಲೆ, ಓದಿದ ವಿಷಯ, ಮಾಡಿದ ಕೆಲಸ, ಹವ್ಯಾಸ, ಪ್ರಶ್ನೆಗಳು ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತವೆ. ಆದ್ದರಿಂದ ದೆಹಲಿಯಲ್ಲೂ ಬೆಂಗಳೂರಿನ ವಿಜಯನಗರದಲ್ಲೂ ತರಬೇತಿ ಕೇಂದ್ರಗಳು ಆ ಅರ್ಜಿಯನ್ನು ಮುಂದಿಟ್ಟುಕೊಂಡು ಅಣಕು ಸಂದರ್ಶನ ನಡೆಸುತ್ತವೆ. ಮೊದಲ ಸಲ ನನಗೆ ಅದು ಗೊತ್ತಿರಲಿಲ್ಲ, ಹವ್ಯಾಸದ ಜಾಗದಲ್ಲಿ ಚಾರಣ ಎಂದು ಬರೆದು ನಮ್ಮ ಜಿಲ್ಲೆಯ ಬೆಟ್ಟದ ಎತ್ತರ ಹೇಳಲಾಗದೆ ಕುಳಿತೆ. ಎರಡನೆಯ ಸಲ ಸಾಲ ಮಾಡಿ ತರಬೇತಿ ಪಡೆದೆ. ನನ್ನ ವ್ಯಕ್ತಿತ್ವ ಒಂದು ವರ್ಷದಲ್ಲಿ ಬದಲಾಗಿರಲಿಲ್ಲ, ಅಂಕ ಮಾತ್ರ ಏರಿತು.

ಅಲ್ಲಿನ ಒಂದು ಒಳ್ಳೆಯ ಪದ್ಧತಿಯನ್ನು ಹೇಳಲೇಬೇಕು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು, ದುಭಾಷಿ ಇರುತ್ತಾರೆ. ದೇಶದ ಅತಿ ದೊಡ್ಡ ಸಂದರ್ಶನ ಕನ್ನಡದಲ್ಲಿ ನಡೆಯಬಹುದಾದರೆ ತುಂಗಾತೀರ ಅವರ ನಿರ್ದೇಶಕರು ಹರಪನಹಳ್ಳಿಯ ಹುಡುಗಿಗೆ ಇಂಗ್ಲಿಷಿನಲ್ಲಿ ಏಕೆ ಶುರು ಮಾಡಬೇಕಿತ್ತು? ಸಾಲಗಾರರೊಡನೆ ಆಕೆ ಮಾತನಾಡಬೇಕಾದದ್ದು ಯಾವ ಭಾಷೆಯಲ್ಲಿ?

ತುಂಗಾತೀರ

ನೀವು ಹೇಳಿದ್ದು ಸರಿ. ಅದನ್ನು ಸಭೆಯಲ್ಲಿ ಎತ್ತುತ್ತೇನೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಮೊದಲ ಎರಡು ನಿಮಿಷ ಯಾವಾಗಲೂ "ಯಾವ ಊರು? ಯಾರ ಮಗಳು? ತಂದೆ ಏನು ಮಾಡುತ್ತಾರೆ?" ಎಂಬುದರಲ್ಲೇ ಹೋಗುತ್ತದೆ. ಸಲಿಗೆಗಾಗಿ ಕೇಳುತ್ತೇವೆ ಎನ್ನುತ್ತಾರೆ.

ವಕೀಲರ ಕೋಣೆ

ಆ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಸಲಿಗೆ ಒಂದೇ ಅರ್ಥವಲ್ಲ ಎಂಬುದು ಎಲ್ಲರಿಗೂ ಗೊತ್ತು. ಊರು, ತಂದೆಯ ಹೆಸರು, ಕಸುಬು ಮೂರೂ ಸಿಕ್ಕಿದರೆ ಜಾತಿ ಗೊತ್ತಾಗಲು ಇನ್ನೇನೂ ಬೇಡ.

1981ರ ಅಜಯ್ ಹಸಿಯಾ ಪ್ರಕರಣವನ್ನು ನೆನಪಿಸುತ್ತೇನೆ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದಲ್ಲಿ 150ಕ್ಕೆ 50 ಅಂಕ ಸಂದರ್ಶನಕ್ಕೆ ಮೀಸಲಾಗಿತ್ತು. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ, ಕೇಳಿದ್ದು ತಂದೆತಾಯಿ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆಗಳು ಎಂಬುದು ಅರ್ಜಿದಾರರ ದೂರು. ಒಟ್ಟು ಅಂಕದಲ್ಲಿ ಶೇ. 15ಕ್ಕಿಂತ ಹೆಚ್ಚನ್ನು ಸಂದರ್ಶನಕ್ಕೆ ಇಡುವುದು ಸಮಂಜಸವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಸಂದರ್ಶನವನ್ನು ಧ್ವನಿಮುದ್ರಣ ಮಾಡಿಕೊಳ್ಳುವುದು ಒಳ್ಳೆಯದು ಎಂದೂ ಸೂಚಿಸಿತು. ಅದು ಪ್ರವೇಶದ ಪ್ರಕರಣ, ನಿಮ್ಮ ಸಹಕಾರಿಗೆ ನೇರವಾಗಿ ಅನ್ವಯಿಸದು. ಆದರೆ ಅದರ ಹಿಂದಿನ ಆತಂಕ ನಿಮ್ಮ ಕೋಣೆಯಲ್ಲೂ ಇದೆ. 2016ರ ಜನವರಿಯಿಂದ ಕೇಂದ್ರ ಸರ್ಕಾರ ತನ್ನ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿದ್ದಕ್ಕೂ ಇದೇ ಬಗೆಯ ಆತಂಕ ಕಾರಣ.

ಪ್ರಶ್ನೆಗಳನ್ನು ಮೊದಲೇ ಬರೆದು ಕಳುಹಿಸುವುದರಿಂದ ಅಭ್ಯರ್ಥಿಗಷ್ಟೇ ಅನುಕೂಲ ಎಂದುಕೊಳ್ಳಬೇಡಿ. ಕೇಳುವವರ ನಾಲಿಗೆಯನ್ನೂ ಅದು ಕಟ್ಟಿಹಾಕುತ್ತದೆ. ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳುಹಿಸಲು ಸಂಕೋಚವಾಗುವ ಪ್ರಶ್ನೆಯನ್ನು ಕೋಣೆಯಲ್ಲೂ ಕೇಳಬಾರದು.

ಅಣ್ಣನ ತಂಗಿ

ನನ್ನ ಅಣ್ಣನಿಗೆ ಮಾತು ತೊದಲುತ್ತದೆ. ಎಂ.ಎಸ್ಸಿ. ಮಾಡಿದ್ದಾನೆ, ಗಣಿತದಲ್ಲಿ ಅವನಂಥವರನ್ನು ನಾನು ಕಂಡಿಲ್ಲ. ಅನಿರೀಕ್ಷಿತ ಪ್ರಶ್ನೆ ಬಂದಾಗ ಮೊದಲ ಅಕ್ಷರವೇ ಹೊರಡುವುದಿಲ್ಲ. ಏನು ಹೇಳಬೇಕೆಂದು ಮೊದಲೇ ಗೊತ್ತಿದ್ದರೆ ತಡೆದು ತಡೆದು ಹೇಳಿ ಮುಗಿಸುತ್ತಾನೆ. ಒಂದು ಕಡೆ ಕೇಳುವವರೇ ಅವನ ವಾಕ್ಯವನ್ನು ಪೂರ್ತಿ ಮಾಡಿ, ತಪ್ಪು ಪೂರ್ತಿ ಮಾಡಿ, ಆ ತಪ್ಪಿಗೆ ಅಂಕ ಕಳೆದರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ, ಮಾತು ಮತ್ತು ಭಾಷೆಯ ತೊಂದರೆಯೂ ಆಟಿಸಮ್ಮೂ ಅದರಲ್ಲಿ ಸೇರಿವೆ. ಅನುಕೂಲ ಮಾಡಿಕೊಡಿ ಎಂದು ಕೇಳಬಹುದು ಎನ್ನುತ್ತಾರೆ. ಆದರೆ ಕೇಳಬೇಕಾದರೆ ಮೊದಲು ಎಲ್ಲರ ಮುಂದೆ ಹೇಳಿಕೊಳ್ಳಬೇಕು, ಪ್ರಮಾಣಪತ್ರ ತೋರಿಸಬೇಕು. ಅಣ್ಣ ಒಮ್ಮೆಯೂ ಕೇಳಲಿಲ್ಲ. ಎಲ್ಲರಿಗೂ ಪ್ರಶ್ನೆ ಕೊಟ್ಟುಬಿಟ್ಟರೆ ಅವನು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಉಪನ್ಯಾಸಕರು ಧೈರ್ಯವೂ ಅರ್ಹತೆ ಎಂದರು. ಆ ಕುರ್ಚಿಯಲ್ಲಿ ಹೋಗಿ ಕೂರಲು ಅಣ್ಣನಿಗೆ ಬೇಕಾಗುವ ಧೈರ್ಯ ನಮಗೆ ಯಾರಿಗೂ ಬೇಕಾಗಿಲ್ಲ.

ನಿವೃತ್ತ ಉಪನ್ಯಾಸಕ

ತಾಯಿ, ನಾನು ಬರೆದ ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ. ನಿಮ್ಮ ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ.

ದೂರದೂರಿನವಳು

ಅಂಕ ಕೊಡುವ ಕ್ರಮದ ಬಗ್ಗೆಯೂ ಹೇಳುತ್ತೇನೆ, ಪ್ರಶ್ನೆ ಕೊಡುವುದಕ್ಕಿಂತ ಇದು ಮುಖ್ಯ. ಶ್ಮಿಟ್ ಮತ್ತು ಹಂಟರ್ ಎಂಬಿಬ್ಬರು 1998ರಲ್ಲಿ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇರುವ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ಹೊಂದಿಕೆ) 0.51, ಮನಬಂದಂತೆ ಕೇಳುವುದರದು 0.38 ಎಂದು ಬಂತು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕವನ್ನು ಮತ್ತೆ ತಿದ್ದಿದಾಗ ಎರಡೂ ಇಳಿದವು, ಅಂತರ ಇನ್ನೂ ಹೆಚ್ಚಾಯಿತು: 0.42 ಮತ್ತು 0.19. ಇವು ಪ್ರಶ್ನೆಯನ್ನು ಮೊದಲೇ ಕೊಡುವುದರ ಬಗ್ಗೆ ಏನೂ ಹೇಳುವುದಿಲ್ಲ, ಅದನ್ನು ಸ್ಪಷ್ಟಪಡಿಸುತ್ತೇನೆ. ಆದರೆ ಮೊದಲೇ ಕೊಡಬೇಕಾದರೆ ಮೊದಲೇ ಬರೆಯಬೇಕು, ಎಲ್ಲರಿಗೂ ಅದನ್ನೇ ಕೇಳಬೇಕು. ಆ ಶಿಸ್ತು ತಾನಾಗಿಯೇ ಬರುತ್ತದೆ.

ತುಂಗಾತೀರ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಸಂದರ್ಶನ ಮುಗಿಯಿತು.

ಆಡಳಿತ ಮಂಡಳಿ ಒಪ್ಪಿದ್ದು ಸುಲಭವಾಗಿ ಅಲ್ಲ. ಸೋದರಮಾವನ ಸಂಗತಿ ಹೇಳಿದ ಮೇಲೆ ಅಧ್ಯಕ್ಷರೇ ಮುಂದೆ ನಿಂತು ಒಪ್ಪಿಸಿದರು. 5 ಪ್ರಶ್ನೆಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚು ಮಾಡಿ, ಮೂರು ದಿನ ಮೊದಲು ಒಂದೇ ಹೊತ್ತಿಗೆ ಎಲ್ಲರಿಗೂ ಕಳುಹಿಸಿದೆವು. ಟಿಪ್ಪಣಿ ತರಬಹುದು, ಯಾವ ಭಾಷೆಯಲ್ಲಾದರೂ ಉತ್ತರಿಸಬಹುದು, ಮರುಪ್ರಶ್ನೆಗಳಿರುತ್ತವೆ ಎಂದು ಕೆಳಗೆ ಬರೆದೆವು. ಆರನೆಯದನ್ನು ಕಳುಹಿಸಲಿಲ್ಲ. ಎರಡನೇ ಪಾಳಿ ಅವರು ಹೇಳಿದ ಔಷಧಿಯ ಲೆಕ್ಕದಂತೆ ನಮ್ಮದೊಂದು ಚಿನ್ನಾಭರಣ ಸಾಲದ ಕಡತ, ಅದರಲ್ಲಿ ನಾವೇ ಹಾಕಿದ ನಾಲ್ಕು ತಪ್ಪುಗಳು. ಒಂಟಿಯಾಗಿ ಕುಳಿತು 20 ನಿಮಿಷದಲ್ಲಿ ಹುಡುಕಬೇಕು.

9 ಜನ ಬಂದರು. ಬಯಲುಸೀಮೆ ಅವರು ಹೇಳಿದಂತೆ ಇಬ್ಬರ ಉತ್ತರ ಪದಕ್ಕೆ ಪದ ಒಂದೇ ಇತ್ತು. ಎರಡನೆಯ ಮರುಪ್ರಶ್ನೆಗೆ ಇಬ್ಬರ ಮಾತೂ ನಿಂತಿತು. ಉಳಿದವರಲ್ಲಿ ನನಗೆ ಬೆರಗಾದದ್ದು ಮೌನ ಕಡಿಮೆಯಾದದ್ದು. ಹಿಂದಿನ ಸಲ ನಾನು ಅಂಕಪಟ್ಟಿಯಲ್ಲಿ "ಮಾತು ಬಾರದು" ಎಂದು ಆರು ಜನರ ಮುಂದೆ ಬರೆದಿದ್ದೆ. ಈ ಸಲ ಒಬ್ಬರ ಮುಂದೆಯೂ ಬರೆಯಲಿಲ್ಲ.

ಕಂತಿನ ಪ್ರಶ್ನೆಗೆ ಒಬ್ಬ ಯುವಕ ಹೀಗೆ ಶುರು ಮಾಡಿದ: "ವಸೂಲಿಗೆ ನಾನು ಯಾವತ್ತೂ ಹೋಗಿಲ್ಲ ಸರ್. ಮೂರು ದಿನ ಯೋಚಿಸಿದೆ. ನಮ್ಮ ಮನೆಗೆ ವಸೂಲಿಗೆ ಬಂದಿದ್ದರು, ಅದನ್ನು ಹೇಳಬಹುದೇ?" ಅಪ್ಪನ ಹೊಲಿಗೆ ಯಂತ್ರದ ಸಾಲ, ಬಂದವರು ಬೀದಿಯಲ್ಲಿ ನಿಂತು ಕೂಗಿದ್ದು, ಎರಡನೆಯ ಸಲ ಬೇರೊಬ್ಬರು ಬಂದು ಒಳಗೆ ಕುಳಿತು ನೀರು ಕೇಳಿ ಕುಡಿದು ಮಾತನಾಡಿದ್ದು, ಅಪ್ಪ ಕಟ್ಟಿದ್ದು ಆ ಎರಡನೆಯವರಿಗೆ. ಕಡತದಲ್ಲಿ ಮೂರು ತಪ್ಪು ಹಿಡಿದ. ಅವನನ್ನು ತೆಗೆದುಕೊಂಡಿದ್ದೇವೆ.

ಹರಪನಹಳ್ಳಿ ಕಡೆಯ ಹುಡುಗಿಗೆ ನಾನೇ ಫೋನ್ ಮಾಡಿದ್ದೆ. ತಂದೆ ಎತ್ತಿಕೊಂಡರು. ಬೇರೆ ಕಡೆ ಸೇರಿಕೊಂಡಿದ್ದಾಳೆ ಸರ್, ಎಂದರು. ಸಂತೋಷವಾಯಿತು. ಅಟೆಂಡರ್‌ಗೆ ಹೇಳಿದೆ, ಅವರಿಗೆ ನನಗಿಂತ ಹೆಚ್ಚು ಸಂತೋಷವಾಯಿತು. ಆದರೂ ಆಕೆ ನಮ್ಮಲ್ಲಿ ಇರಬೇಕಿತ್ತು.

ವಕೀಲರ ಕೋಣೆ

"ಯಾರ ಮಗ" ಎಂದು ಕೇಳಿದರೇ?

ತುಂಗಾತೀರ

ಒಬ್ಬರಿಗೆ ಕೇಳಲು ಹೊರಟರು. ಅಧ್ಯಕ್ಷರು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಲ್ಲಿಗೆ ನಿಂತಿತು.

ನಿವೃತ್ತ ಉಪನ್ಯಾಸಕ

ನಾನು ಸದಸ್ಯನಾಗಿರುವ ಶಾಲೆಯಲ್ಲಿ ಜೂನ್ ಹೊತ್ತಿಗೆ ಇಬ್ಬರು ಶಿಕ್ಷಕರು ಬೇಕು. ನಿಮ್ಮ ಹಾಳೆಯ ಮಾದರಿ ಮತ್ತು ಅಂಕಪಟ್ಟಿ ಕಳುಹಿಸಿಕೊಡಲು ಸಾಧ್ಯವೇ?

ತುಂಗಾತೀರ

ಕಳುಹಿಸಿದ್ದೇನೆ ಸರ್. ಆರನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ನಿಮ್ಮ ತರಗತಿಯ ಕೆಲಸ ಯಾವುದಾದರೂ ಬರಬೇಕು, ಅದನ್ನು ಮಾತ್ರ ಯಾರಿಗೂ ಮೊದಲೇ ಹೇಳಬೇಡಿ.